ಒಂದೇ ದಿನವಿದ್ದರೆ ಯಾವ ಊರು: ಕಾಮಾಕುರಾ, ಕ್ಯೋಟೋ, ನಾರಾ

ಜಪಾನಿಗೆ ಬರುವ ನೆಂಟರು ವಿಮಾನದ ಟಿಕೆಟು ಕೊಂಡ ಮರುದಿನವೇ ನನ್ನನ್ನು ಕೇಳುತ್ತಾರೆ: "ಹಳೆಯ ಜಪಾನು ನೋಡಬೇಕು, ದೇವಸ್ಥಾನ ನೋಡಬೇಕು, ಕೈಯಲ್ಲಿರುವುದು ಒಂದೇ ದಿನ. ಎಲ್ಲಿಗೆ ಹೋಗೋಣ?" ಯೊಕೊಹಾಮಾಕ್ಕೆ ಬಂದು ಆರು ವರ್ಷವಾಯಿತು. ಐದು ವರ್ಷ ಕಣ್ಣು ಮುಚ್ಚಿಕೊಂಡು "ಕ್ಯೋಟೋ" ಎನ್ನುತ್ತಿದ್ದೆ. ಕಳೆದ ವರ್ಷ ಒಂದೇ ಗುಂಪಿನೊಂದಿಗೆ ಮೂರು ಊರುಗಳಿಗೂ ತಲಾ ಒಂದು ಇಡೀ ದಿನ ಕೊಟ್ಟು ಸುತ್ತಿದ ಮೇಲೆ ಉತ್ತರ ಬದಲಾಗಿದೆ.

ಗುಂಪಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನ ರುಚಿ ಜೊತೆಗಿರುವವರ ಮೇಲೂ ನಿಂತಿದೆ. ಹುಬ್ಬಳ್ಳಿಯ ಗೆಳೆಯ ಶುದ್ಧ ಸಸ್ಯಾಹಾರಿ, ಸಾಲದ್ದಕ್ಕೆ ಮಂಡಿನೋವು. ಮಂಗಳೂರಿನ ಗೆಳತಿಗೆ ಯಾವುದನ್ನೂ ಅರ್ಧಕ್ಕೆ ಬಿಟ್ಟು ಬರುವ ಅಭ್ಯಾಸವಿಲ್ಲ. ನಾಲ್ಕನೆಯವನು ನನ್ನ ಕಚೇರಿಯ ಜಪಾನೀ ಸಹೋದ್ಯೋಗಿ. ಒಸಾಕಾದವನಾದರೂ ಶಾಲೆಯ ಪ್ರವಾಸದ ನಂತರ ನಾರಾ ಕಡೆ ತಲೆ ಹಾಕಿದವನಲ್ಲ. ಇನ್ನು ನಾನು, ಮಧ್ಯಾಹ್ನ ಅರ್ಧ ಗಂಟೆ ಎಲ್ಲಾದರೂ ಕೂರಲು ಸಿಗದಿದ್ದರೆ ಸಿಡುಕುವ ಮೈಸೂರಿನವನು.

ಕಾಮಾಕುರಾಗೆ ಹೋದದ್ದು ಜೂನ್ ತಿಂಗಳ ಶನಿವಾರ. ಟೋಕಿಯೋ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ, ನಮಗೆ ಯೊಕೊಹಾಮಾದಿಂದ ಅದರ ಅರ್ಧ. ಕಾಮಾಕುರಾದಲ್ಲಿ ಇಳಿದು ಎನೊಡೆನ್ ಎಂಬ ಪುಟ್ಟ ರೈಲು ಹತ್ತಿದರೆ ಅದು ಮನೆಗಳ ಹಿತ್ತಿಲಿಗೆ ಮೈ ಉಜ್ಜುತ್ತ ಮೂರನೆಯ ನಿಲ್ದಾಣವಾದ ಹಾಸೆಗೆ ಬಿಡುತ್ತದೆ. ಅಲ್ಲಿಂದ ನಡೆದರೆ ಕೋತೊಕು-ಇನ್ ದೇವಾಲಯದ ಕಂಚಿನ ಅಮಿತಾಭ ಬುದ್ಧ. ಪೀಠ ಬಿಟ್ಟು 11.3 ಮೀಟರ್ ಎತ್ತರ, ತೂಕ ಸುಮಾರು 121 ಟನ್. ಎರಕದ ಕೆಲಸ ಶುರುವಾದದ್ದು 1252ರಲ್ಲಿ. ಮೊದಲು ತಲೆಯ ಮೇಲೆ ಸೂರಿತ್ತು. ಅದು ಹಾಳಾಗಿ ಹೋದ ಮೇಲೆ 15ನೇ ಶತಮಾನದ ಕೊನೆಯಿಂದ ನಮ್ಮ ಗೊಮ್ಮಟನ ಹಾಗೆ ಬಿಸಿಲು ಮಳೆಗೆ ಒಡ್ಡಿಕೊಂಡೇ ಇದ್ದಾನೆ.

300 ಯೆನ್ ಕೊಟ್ಟು ಒಳಗೆ ಬಂದವರು ಇನ್ನೂ 50 ಯೆನ್ ಕೊಟ್ಟರೆ ಬುದ್ಧನ ಹೊಟ್ಟೆಯೊಳಗೆ ಇಳಿಯಬಹುದು. ಆವತ್ತು ಅಲ್ಲಿ ಇಡ್ಲಿ ಪಾತ್ರೆಯೊಳಗಿನ ಸೆಕೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಪಟ್ಟಿ ಪಟ್ಟಿಯಾಗಿ ಎರಕ ಹೊಯ್ದು ಒಂದಕ್ಕೊಂದು ಬೆಸೆದ ಗೆರೆಗಳು ಗೋಡೆಯ ಮೇಲೆ ಕಂಡವು. ಮೇಲೆ ನೋಡಿದರೆ ತಲೆಯ ಪೊಳ್ಳು, ಕೆಳಗೆ 1960ರ ದಶಕದ ಆರಂಭದ ದುರಸ್ತಿಯಲ್ಲಿ ಗಟ್ಟಿ ಮಾಡಿದ ಕುತ್ತಿಗೆ. ಅಂಗಳದ ಒಂದು ಮೂಲೆಯಲ್ಲಿ ಶ್ರೀಲಂಕಾದ ಅಧ್ಯಕ್ಷರಾಗಿದ್ದ ಜಯವರ್ಧನೆ ಅವರ ಸ್ಮಾರಕ ಶಿಲೆಯೂ ಇದೆ. 1951ರ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನದಲ್ಲಿ ಅವರು ಜಪಾನಿನ ಪರವಾಗಿ ಮಾತನಾಡುತ್ತ, ದ್ವೇಷ ದ್ವೇಷದಿಂದ ಶಮನವಾಗುವುದಿಲ್ಲ ಎಂಬ ಬುದ್ಧವಚನವನ್ನು ಎತ್ತಿಕೊಂಡಿದ್ದರು. ಜನರೆಲ್ಲ ಬುದ್ಧನೊಂದಿಗೆ ಸೆಲ್ಫಿಯಲ್ಲಿದ್ದರು, ಶಿಲೆಯ ಮುಂದೆ ನಾವು ನಾಲ್ವರೇ.

ಪಕ್ಕದ ಹಾಸೆದೇರಾದಲ್ಲಿ ಜೂನ್ ಎಂದರೆ ಹೈಡ್ರೇಂಜಿಯಾ ಹೂಗಳ ಹಬ್ಬ. ಹೂವಿನ ದಾರಿಗೆ ನಿಂತ ಸರತಿ ನೋಡಿ ಹುಬ್ಬಳ್ಳಿಯವನು ಮಂಡಿ ಮುಟ್ಟಿಕೊಂಡ. ಹೂ ಬಿಟ್ಟು ಬೆಂಟೆನ್ ಗವಿಗೆ ಹೋದೆವು. ಸೊಂಟ ಬಗ್ಗಿಸಿ ನುಗ್ಗಬೇಕಾದ ಗವಿ. ಒಳಗೆ ಕಲ್ಲಿನಲ್ಲೇ ಕಡೆದ ಬೆನ್‌ಜೈಟೆನ್ ಮತ್ತು ಪರಿವಾರ. ಬೆನ್‌ಜೈಟೆನ್ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಸರಸ್ವತಿ. ಚೀನಾದ ದಾರಿಯಲ್ಲಿ ಬರುತ್ತ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿದ್ದಾಳೆ. ಮಧ್ಯಾಹ್ನ ಒಂದೂವರೆಗೆ ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಕೂತಿದ್ದೆವು. ಊರಿನ ಇನ್ನೊಂದು ತುದಿಯಲ್ಲಿ 1253ರ ಕೆಂಚೋ-ಜಿ, 1282ರ ಎಂಗಾಕು-ಜಿ ಎಂಬ ದೊಡ್ಡ ಝೆನ್ ಮಠಗಳಿದ್ದವು. ಎದ್ದು ಹೋಗುವ ಮನಸ್ಸು ಯಾರಿಗೂ ಬರಲಿಲ್ಲ. ಕಾಮಾಕುರಾದ ಗುಣವೂ ದೋಷವೂ ಇದೇ: ಸಮುದ್ರ ಕಂಡ ಮೇಲೆ ದೇವಸ್ಥಾನ ಮರೆತುಹೋಗುತ್ತದೆ.

ಕ್ಯೋಟೋ, ನಾರಾ ಎರಡನ್ನೂ ನವೆಂಬರಿನಲ್ಲಿ ಒಂದೇ ಬೀಸಿಗೆ ನೋಡಿದೆವು. ಮೇಪಲ್ ಎಲೆ ಕೆಂಪಾಗುವ ಕಾಲ, ಅಂದರೆ ಜಗತ್ತೆಲ್ಲ ಕ್ಯೋಟೋದಲ್ಲಿರುವ ಕಾಲ. 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ರಾಜಧಾನಿಯಾಗಿದ್ದ ಊರನ್ನು ಒಂದೇ ದಿನದಲ್ಲಿ ಮುಗಿಸುತ್ತೇವೆಂದು ನಾನು ಐದು ತಾಣಗಳ ಪಟ್ಟಿ ಮಾಡಿಕೊಂಡಿದ್ದೆ. ಆದದ್ದು ಮೂರು.

ಮೊದಲನೆಯದು, ಬೆಳಗಿನ ಆರಕ್ಕೆ ಫುಷಿಮಿ ಇನಾರಿ. ಕ್ಯೋಟೋ ನಿಲ್ದಾಣದಿಂದ ರೈಲಿನಲ್ಲಿ ಐದು ನಿಮಿಷ, ಪ್ರವೇಶ ಉಚಿತ, ಮುಚ್ಚುವ ಹೊತ್ತೇ ಇಲ್ಲದ್ದರಿಂದ ಹಗಲು ರಾತ್ರಿ ಯಾವಾಗಲಾದರೂ ಹೋಗಬಹುದು. 233 ಮೀಟರಿನ ಬೆಟ್ಟದುದ್ದಕ್ಕೂ ಸಾವಿರಾರು ಕೆಂಪು ತೊರಿ ಕಮಾನುಗಳು ಒತ್ತೊತ್ತಾಗಿ ನಿಂತಿವೆ. ಇನಾರಿ ಭತ್ತದ ದೇವರು. ಅಲ್ಲಲ್ಲಿ ಕೂತ ಕಲ್ಲಿನ ನರಿಗಳು ಅವನ ದೂತರು. ಒಂದರ ಬಾಯಲ್ಲಿ ಭತ್ತದ ತೆನೆ, ಇನ್ನೊಂದರ ಬಾಯಲ್ಲಿ ಕಣಜದ ಬೀಗದ ಕೈ. ಹತ್ತುವಾಗ ಕಮಾನುಗಳೆಲ್ಲ ಖಾಲಿ ಕೆಂಪು. ಇಳಿಯುವಾಗ ಅವುಗಳ ಬೆನ್ನು ಕಾಣುತ್ತದೆ, ಬೆನ್ನ ತುಂಬ ಕಪ್ಪಕ್ಷರ. ಏನಿರಬಹುದೆಂದು ಸಹೋದ್ಯೋಗಿಯನ್ನು ಕೇಳಿದೆವು. "ದಾನ ಕೊಟ್ಟವರ ಹೆಸರು, ಕೊಟ್ಟ ದಿನಾಂಕ. ಹೆಚ್ಚಿನವು ಕಂಪನಿಗಳು" ಎಂದ. ದಾನಿಯ ಹೆಸರು ದಪ್ಪಗೆ ಬರೆಸಿ ಬೆಳಕೇ ಬೀಳದಂತೆ ಮಾಡಿದ ನಮ್ಮೂರ ಗುಡಿಗಳ ಟ್ಯೂಬ್‌ಲೈಟು ನೆನಪಾಗಿ ನಾವು ಮೂವರೂ ನಕ್ಕೆವು. ಅವನಿಗೆ ಅದನ್ನು ವಿವರಿಸಿ ನಗಿಸುವಷ್ಟರಲ್ಲಿ ಬೆಟ್ಟದ ಬುಡ ಬಂದಿತ್ತು, ಎದುರಿನಿಂದ ಜನಪ್ರವಾಹವೂ ಬಂದಿತ್ತು. ಎಂಟೂವರೆಯ ಫುಷಿಮಿ ಬೇರೆಯೇ ಊರು.

ಎರಡನೆಯದು ಸಾಂಜೂಸಾಂಗೆನ್-ದೋ. ಕ್ಯೋಟೋಗೆ ನನ್ನ ಪೂರ್ತಿ ಅಂಕ ಸಿಕ್ಕಿದ್ದು ಇಲ್ಲಿ ಮಾತ್ರ. ಸುಮಾರು 120 ಮೀಟರ್ ಉದ್ದದ ಮರದ ಸಭಾಂಗಣ. ಈಗಿರುವ ಕಟ್ಟಡ 1266ರದು. ಚಪ್ಪಲಿ ಕಳಚಿ ಒಳಗೆ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಸಾವಿರ ಕನ್ನೋನ್ ಮೂರ್ತಿಗಳು, ನಡುವೆ ಕೂತ ದೊಡ್ಡದೊಂದು, ಒಟ್ಟು 1,001. ಕನ್ನೋನ್ ಎಂದರೆ ಅವಲೋಕಿತೇಶ್ವರ. ಛಾಯಾಚಿತ್ರ ತೆಗೆಯುವಂತಿಲ್ಲ, ಅದೇ ಆ ಜಾಗವನ್ನು ಉಳಿಸಿದೆ. ಅವುಗಳ ಮುಂದಿನ ಸಾಲಿನಲ್ಲಿ 28 ರಕ್ಷಕ ದೇವತೆಗಳು. ಇಂದ್ರನಿದ್ದಾನೆ, ಬ್ರಹ್ಮನಿದ್ದಾನೆ, ನಾರಾಯಣನಿದ್ದಾನೆ. ಯೋಧನ ಕವಚ ತೊಟ್ಟವರೂ ಉಂಟು. ಗರುಡನ ಮುಂದೆ ಮಂಗಳೂರಿನವಳು ನಿಂತೇಬಿಟ್ಟಳು. ರೆಕ್ಕೆ ಇದೆ, ಕೊಕ್ಕು ಇದೆ, ಒಂದು ಕಾಲು ಎತ್ತಿ ತಾಳ ಹಾಕುವ ಭಂಗಿ, ಕೈಯಲ್ಲಿ ಕೊಳಲು! "ಮಾರಾಯ, ಯಜಮಾನನ ಕೊಳಲನ್ನೇ ಎತ್ತಿಕೊಂಡು ಬಂದಿದ್ದಾನೆ" ಎಂದಳು. ಒಂದೂಕಾಲು ಗಂಟೆ ಅಲ್ಲಿದ್ದೆವು. ಅಲ್ಲಿಂದ ನೇರ ಕೋಣೆಗೆ ಹೋಗಿ ಮಲಗಿದ್ದರೂ ದಿನ ಸಾರ್ಥಕವಾಗುತ್ತಿತ್ತು.

ಮಲಗಲಿಲ್ಲ. ಕಿಮೊನೊ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯ ಹೆಂಗಸು ನನ್ನ ಎದೆಯ ಮೇಲಿನ ಬಟ್ಟೆಯನ್ನು ಎಡ ಮೇಲೆ, ಬಲ ಕೆಳಗೆ ಬರುವಂತೆ ಮಡಚಿ, ತಿರುಗಾಮುರುಗಾ ಆದರೆ ಅದು ಹೆಣಕ್ಕೆ ಉಡಿಸುವ ರೀತಿ ಎಂದು ನಗುತ್ತ ಎಚ್ಚರಿಸಿದಳು. ಕನ್ನಡಿಯಲ್ಲಿ ಎಲ್ಲರೂ ಚೆನ್ನಾಗಿಯೇ ಕಂಡೆವು. ಆದರೆ ಕಿಯೊಮಿಜು-ದೇರಾದ ಏರಿನಲ್ಲಿ ಜೋರಿ ಚಪ್ಪಲಿಯ ಪಟ್ಟಿ ಹೆಬ್ಬೆರಳ ಸಂದಿಯನ್ನು ಕೊಯ್ಯತೊಡಗಿತು. ದೇವಾಲಯ ಭವ್ಯವೇ, ಸಂಶಯವಿಲ್ಲ: 1633ರಲ್ಲಿ ಮತ್ತೆ ಕಟ್ಟಿದ್ದು, ಕಣಿವೆಯ ಮೇಲೆ 13 ಮೀಟರ್ ಎತ್ತರಕ್ಕೆ ಚಾಚಿದ ಮರದ ಜಗಲಿ. ಎದೆಗಟ್ಟಿ ಮಾಡಿ ದೊಡ್ಡ ನಿರ್ಧಾರಕ್ಕೆ ಇಳಿಯುವುದನ್ನು ಜಪಾನಿಯರು "ಕಿಯೊಮಿಜುವಿನ ಜಗಲಿಯಿಂದ ಹಾರುವುದು" ಎನ್ನುತ್ತಾರೆ. ಆ ದಿನ ಹಾರಲು ಜಾಗವಿರಲಿಲ್ಲ, ಅಂಚಿನವರೆಗೂ ಜನ. ಆಮೇಲೆ ಚಿನ್ನದ ಮಂಟಪವಿರುವ ಕಿಂಕಾಕು-ಜಿಗೆಂದು ಬಸ್ಸು ಹತ್ತಿ, ದಟ್ಟಣೆಯಲ್ಲಿ ಅರ್ಧ ದಾರಿಗೇ ಇಳಿದು, ಹಿಂದಿರುಗಿ ಅಂಗಡಿ ಮುಟ್ಟಿದಾಗ ಗಡುವು ಇಪ್ಪತ್ತು ನಿಮಿಷ ದಾಟಿತ್ತು. ತಲಾ ಸಾವಿರ ಯೆನ್ ದಂಡ. ಚಿನ್ನದ ಮಂಟಪವನ್ನು ರಾತ್ರಿ ಮೊಬೈಲಿನಲ್ಲಿ ನೋಡಿದೆವು. ಮೊಬೈಲು ಇನ್ನೊಂದನ್ನೂ ತೋರಿಸಿತು: 26 ಸಾವಿರ ಹೆಜ್ಜೆ.

ಮರುದಿನ ನಾರಾ. ರೈಲಿನಲ್ಲಿ ಮುಕ್ಕಾಲು ಗಂಟೆ. ಯಾರಿಗೂ ಉತ್ಸಾಹವಿರಲಿಲ್ಲ, ಜಿಂಕೆ ನೋಡಿಕೊಂಡು ಬೇಗ ಬರೋಣ ಎಂದೇ ಹೊರಟದ್ದು. ಕ್ಯೋಟೋಗಿಂತ ಮೊದಲು, 710ರಿಂದ 784ರವರೆಗೆ ರಾಜಧಾನಿಯಾಗಿದ್ದ ಊರಿದು. ಅಷ್ಟು ಬೇಗ ರಾಜಧಾನಿ ಪಟ್ಟ ಕಳೆದುಕೊಂಡದ್ದೇ ಪುಣ್ಯವಾಯಿತೇನೋ, ಇಂದಿಗೂ ಅಲ್ಲಿ ಜಾಗವಿದೆ. ನಿಲ್ದಾಣದಿಂದ ನಡೆಯಲು ಶುರು ಮಾಡಿದರೆ ಜಿಂಕೆಗಳ ಉದ್ಯಾನ, ತೋದಾಯ್-ಜಿ ದೇವಾಲಯ, ಕಾಸುಗಾ ದೇಗುಲ ಎಲ್ಲ ಒಂದೇ ನಡಿಗೆಯ ದಾರಿಯಲ್ಲಿ ಬರುತ್ತವೆ. ಇಡೀ ದಿನ ಬಸ್ಸಿನ ಮಾತೇ ಬರಲಿಲ್ಲ.

ಜಿಂಕೆಗಳು ಸಾವಿರಕ್ಕೂ ಹೆಚ್ಚು. ಕಾಸುಗಾದ ದೇವರು ಬಿಳಿ ಜಿಂಕೆಯ ಮೇಲೆ ಬಂದನೆಂಬ ಕಥೆ ಇರುವುದರಿಂದ ಅವುಗಳಿಗೆ ದೇವದೂತರ ಮರ್ಯಾದೆ, ನಡತೆ ಮಾತ್ರ ನಮ್ಮ ಬೆಟ್ಟದ ಕೋತಿಗಳದು. 200 ಯೆನ್ನಿನ ಬಿಸ್ಕತ್ತಿನ ಕಟ್ಟು ಕೈಗೆ ಬರುತ್ತಲೇ ಮೂರು ಜಿಂಕೆಗಳು ತಲೆ ಬಾಗಿಸಿ ವಂದಿಸಿದವು. ನಾಲ್ಕನೆಯದಕ್ಕೆ ವಂದನೆಯಲ್ಲಿ ನಂಬಿಕೆ ಇರಲಿಲ್ಲ, ಹಿಂದಿನಿಂದ ಬಂದು ನನ್ನ ಜುಬ್ಬದ ಅಂಚು ಹಿಡಿದೆಳೆಯಿತು. ಬಿಸ್ಕತ್ತು ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸಬೇಕು. ಖಾಲಿ ಎಂದು ಖಾತ್ರಿಯಾದರೆ ಹೊರಟುಹೋಗುತ್ತವೆ.

ತೋದಾಯ್-ಜಿಯ ದಕ್ಷಿಣದ ಹೆಬ್ಬಾಗಿಲಲ್ಲಿ ಎಂಟು ಮೀಟರಿಗೂ ಎತ್ತರದ ಇಬ್ಬರು ಮರದ ದ್ವಾರಪಾಲಕರು. 1203ರಲ್ಲಿ ಉನ್‌ಕೇ, ಕಾಯ್‌ಕೇ ಮತ್ತವರ ತಂಡ ಕೇವಲ 69 ದಿನಗಳಲ್ಲಿ ಕೆತ್ತಿದ ಜೋಡಿ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಬಿಗಿದಿದೆ. ಸಹೋದ್ಯೋಗಿ ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು, "ಇವನು ಅ, ಅವನು ಉನ್. ಮೊದಲ ಅಕ್ಷರ, ಕೊನೆಯ ಅಕ್ಷರ" ಎಂದ. ಸಂಸ್ಕೃತದ ಅ ಮತ್ತು ಹೂಂ! ಮಾತಿಲ್ಲದೆಯೇ ಹೊಂದಿಕೊಂಡು ಕೆಲಸ ಮಾಡುವ ಇಬ್ಬರನ್ನು "ಅ-ಉನ್ ಉಸಿರಿನವರು" ಎನ್ನುವುದು ಅವರ ಭಾಷೆಯ ನುಡಿಗಟ್ಟಂತೆ. ಹುಬ್ಬಳ್ಳಿಯವನು ಬಾಗಿಲ ಕೆಳಗೇ ನಿಂತು ಅ ಆ ಇ ಈ ಶುರು ಮಾಡಿದ. ಸಹೋದ್ಯೋಗಿ ತನ್ನದನ್ನು ಹೇಳಿದ: ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ. ನಮ್ಮ ಚ ಇರುವಲ್ಲಿ ಅವರ ಸ, ಪ ಇರುವಲ್ಲಿ ಹ. ಉಳಿದಂತೆ ಅದೇ ಏರಿಳಿತ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಗಳನ್ನು ಕಲಿಯುವಾಗ ಜಪಾನಿಗೆ ಬಂದ ಕ್ರಮವಿದು. ಆರು ವರ್ಷದಿಂದ ಪಕ್ಕಪಕ್ಕದಲ್ಲಿ ಕೂತು ಕೆಲಸ ಮಾಡುವ ನಾವಿಬ್ಬರು ಒಂದೇ ವರ್ಣಮಾಲೆಯ ಮಕ್ಕಳೆಂದು ತಿಳಿಯಲು ಆ ಬಾಗಿಲಿಗೆ ಬರಬೇಕಾಯಿತು.

ಒಳಗಿನ ಮಹಾಬುದ್ಧ ಸುಮಾರು 15 ಮೀಟರ್. ಕಾಮಾಕುರಾದವನಿಗಿಂತ ದೊಡ್ಡವನು, ಐನೂರು ವರ್ಷ ಹಿರಿಯನು. ಬೆಂಕಿ, ಭೂಕಂಪಗಳಿಗೆ ಸಿಕ್ಕಿ ಮತ್ತೆ ಮತ್ತೆ ಎರಕಗೊಂಡವನಾದ್ದರಿಂದ ಮುಖ ನೋಡಿದರೆ ನನಗಂತೂ ಕಾಮಾಕುರಾದವನೇ ಹೆಚ್ಚು ಚೆಲುವ. ಆದರೆ 752ರಲ್ಲಿ ಇವನಿಗೆ ನೇತ್ರೋನ್ಮೀಲನ ಮಾಡಿದ್ದು ಭಾರತದಿಂದ ಬಂದಿದ್ದ ಬೋಧಿಸೇನ ಎಂಬ ಭಿಕ್ಷು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಆ ದಾರ ಹಿಡಿದು ತಾವೂ ಕಣ್ಣು ಬರೆದ ಪುಣ್ಯ ಪಡೆದರಂತೆ. ಕುಂಚವೂ ನೀಲಿ ದಾರವೂ ಅಲ್ಲಿನ ಶೋಸೋ-ಇನ್ ಭಂಡಾರದಲ್ಲಿ ಇಂದಿಗೂ ಭದ್ರ.

ಹೊರಗೆ ಜಗಲಿಯ ಮೇಲೆ ಕೆಂಪು ಬಟ್ಟೆ ಹೊದ್ದ ಬಿಂಜೂರು ಎಂಬ ಮರದ ಮುದುಕ ಕೂತಿದ್ದಾನೆ. ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜನೇ ಅವನು. ನಿಮಗೆ ಎಲ್ಲಿ ನೋವೋ ಅವನ ಮೈಯಲ್ಲಿ ಅದೇ ಜಾಗ ಸವರಿ, ಆಮೇಲೆ ನಿಮ್ಮದನ್ನು ಸವರಿಕೊಳ್ಳಬೇಕು. ಹುಬ್ಬಳ್ಳಿಯವನು ಸರತಿಯಲ್ಲಿ ನಿಂತ. ಮುದುಕನ ಮಂಡಿ ಸವೆದು ನುಣುಪಾಗಿತ್ತು. ಜಪಾನಿನ ಅರ್ಧ ಮಂಡಿನೋವು ಅಲ್ಲೇ ಹಾದು ಹೋಗಿರಬೇಕು.

ಊಟದ ವಿಷಯದಲ್ಲಿ ಮೂರೂ ಊರು ನಪಾಸು. ಜಪಾನಿನ ಬಹುಪಾಲು ಸಾರುಗಳ ತಳದಲ್ಲಿ ದಾಶಿ ಇರುತ್ತದೆ, ದಾಶಿಯಲ್ಲಿ ಸಾಮಾನ್ಯವಾಗಿ ಒಣಮೀನು. ಕ್ಯೋಟೋದಲ್ಲಿ ತಲಾ ಮೂರೂವರೆ ಸಾವಿರ ಯೆನ್ ತೆತ್ತು ಯುದೋಫು ತಿಂದೆವು: ಬಿಸಿನೀರಿನಲ್ಲಿ ತೇಲುವ ತೋಫು, ಅದ್ದಿಕೊಳ್ಳುವ ರಸದಲ್ಲಿ ಮತ್ತೆ ಮೀನು. ಹುಬ್ಬಳ್ಳಿಯವನು ಉಪ್ಪು ಬೇಡಿ ಊಟ ಮುಗಿಸಿದ. ನಾರಾದಲ್ಲಿ ಪಾಠ ಕಲಿತವನಂತೆ ಚೀಲದಿಂದ ಚಪಾತಿ, ಶೇಂಗಾ ಚಟ್ನಿಪುಡಿ ತೆಗೆದ. ಹುಲ್ಲಿನ ಮೇಲೆ ಕೂತು ನಾಲ್ವರೂ ತಿಂದೆವು. ಸಹೋದ್ಯೋಗಿ ಎರಡನೆಯ ಚಪಾತಿ ಕೇಳಿದ. ಜಿಂಕೆಗಳೂ ಕೇಳಿದವು, ಕೊಡಲಿಲ್ಲ. ನನಗೆ ಬೇಕಿದ್ದ ಅರ್ಧ ಗಂಟೆ ಅಲ್ಲಿ ಒಂದು ಗಂಟೆಯಾಗಿ ಸಿಕ್ಕಿತು. ಕ್ಯೋಟೋದಲ್ಲಿ ದುಡ್ಡು ಕೊಡದೆ ಕೂತ ನೆನಪಿಲ್ಲ.

ಮಧ್ಯಾಹ್ನದ ಮೇಲೆ ಕಾಸುಗಾ ದೇಗುಲದ ದಾರಿ. ಕಾಡಿನ ನೆರಳಲ್ಲಿ ಪಾಚಿ ಹತ್ತಿದ ಕಲ್ಲಿನ ದೀಪಸ್ತಂಭಗಳು, ಒಳಗೆ ತೂಗುವ ಕಂಚಿನ ದೀಪಗಳು, ಎಲ್ಲ ಸೇರಿ ಸುಮಾರು 3,000. ಎಲ್ಲವನ್ನೂ ಬೆಳಗಿಸುವುದು ಫೆಬ್ರವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ. ನಮಗೆ ಒಂದು ಕತ್ತಲ ಕೋಣೆಯಲ್ಲಿ ಉರಿಯುತ್ತಿದ್ದ ಕೆಲವಷ್ಟೇ ಕಂಡವು. "ಊರಿನಲ್ಲಿ ಈಗ ಕಾರ್ತಿಕ, ಧರ್ಮಸ್ಥಳದಲ್ಲಿ ಲಕ್ಷದೀಪ" ಎಂದಳು ಮಂಗಳೂರಿನವಳು, ಆಮೇಲೆ ಹೊರಬರುವವರೆಗೆ ಮಾತಾಡಲಿಲ್ಲ.

ಹೀಗಾಗಿ ಈಗ ಯಾರಾದರೂ ಕೇಳಿದರೆ, ಗೆಳೆಯರ ಗುಂಪಿಗೆ ನಾರಾ. ಟೋಕಿಯೋ ಬಿಟ್ಟು ದೂರ ಹೋಗಲಾಗದವರಿಗೆ ಕಾಮಾಕುರಾ, ಅದೂ ಜೂನಿನ ಶನಿವಾರ ಬೇಡ. ಕ್ಯೋಟೋಗೆ ಒಬ್ಬರೇ ಹೋಗಿ, ನಸುಕಿನಲ್ಲಿ ಫುಷಿಮಿ ಹತ್ತಿ ಇಳಿದು, ಸಾಂಜೂಸಾಂಗೆನ್-ದೋ ನೋಡಿ, ಹನ್ನೊಂದಕ್ಕೆ ಪಟ್ಟಿ ಹರಿದು ಹಾಕಿ.

ಮುಂದಿನ ತಿಂಗಳು ಅಕ್ಕ, ಭಾವ ಬರುತ್ತಿದ್ದಾರೆ. ಈ ಸಲ ನಾರಾದಲ್ಲೇ ಕೋಣೆ ಕಾದಿರಿಸಿದ್ದೇನೆ. ಭಾವನವರಿಗೆ ಅಸಮಾಧಾನ, ಚಿನ್ನದ ಮಂಟಪದ ಚಿತ್ರ ನಿನ್ನೆ ಮೂರನೆಯ ಬಾರಿ ಕಳಿಸಿದ್ದಾರೆ. ಅಕ್ಕ ಮಾತ್ರ ಕೇಳಿದ್ದು ಒಂದೇ: "ಆ ಮಂಡಿ ಮುದುಕ ಸೊಂಟನೋವಿಗೂ ಆಗುತ್ತಾನಾ?"