ಹನ್ನೊಂದು ಫ್ಯೂಸು, ಒಂದು ರಶೀದಿ: ನಮ್ಮ ಪೊಲೀಸ್ ಮತ್ತು ಮಾನಸಿಕ ಆರೋಗ್ಯ ಸೇವೆಗೆ ಐದಕ್ಕೆ ಮೂರೂವರೆ ಸ್ಟಾರ್

ಗೋಳಿಬಜೆಗೂ ಮಿಕ್ಸಿಗೂ ಸ್ಟಾರ್ ಕೊಡುವ ಕಾಲ ಇದು. ನಾನು ಪೊಲೀಸ್ ಜೀಪಿಗೆ ಕೊಡುತ್ತಿದ್ದೇನೆ.

ಕಾಸರಗೋಡಿನ ನಮ್ಮ ಕಡೆ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಜೋರಾದಾಗ ಠಾಣೆಯವರೂ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರೂ ಏನು ಮಾಡುತ್ತಾರೆ ಅನ್ನುವುದನ್ನು ಎರಡು ಸಲ ಹತ್ತಿರದಿಂದ ನೋಡಿದ್ದೇನೆ. ಎರಡೂ ಸಲ ನಮ್ಮ ಅಪ್ಪಚ್ಚಿಯ ದೆಸೆಯಿಂದ. (ಅಪ್ಪಚ್ಚಿ ಅಂದರೆ ಚಿಕ್ಕಪ್ಪ, ಘಟ್ಟದ ಮೇಲಿನವರಿಗೆ ಗೊತ್ತಿರಲಿ ಅಂತ ಹೇಳಿದೆ.) ಬರೆಯಲು ಅವರೇ ಒಪ್ಪಿದ್ದಾರೆ. ಹೆಸರು, ಊರು, ಠಾಣೆ ಯಾವುದನ್ನೂ ಹಾಕಬಾರದು ಅಂತ ಕಂಡೀಷನ್.

ಮೊದಲ ಸಲ 2016ರಲ್ಲಿ. ಅಪ್ಪಚ್ಚಿಗೆ ಮೂರು ದಿನ ನಿದ್ದೆ ಇರಲಿಲ್ಲ. ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿ ಡ್ರೈವರಿಗೆ ಬೈಯುತ್ತಿದ್ದರು. ಯಾರೋ ಫೋನ್ ಮಾಡಿದರು, ಪೊಲೀಸರು ಬಂದು ಎತ್ತಿಕೊಂಡು ಹೋದರು. ರಾತ್ರಿಯಿಡೀ ಠಾಣೆಯ ಬೆಂಚು. ಬೆಳಿಗ್ಗೆ ಅಪ್ಪ ಹೋದಾಗ "ಇದು ಕೇಸಲ್ಲ, ಕಾಯಿಲೆ. ಕರ್ಕೊಂಡು ಹೋಗಿ" ಅಂದರಂತೆ. ಎಲ್ಲಿಗೆ ಅಂತ ಮಾತ್ರ ಹೇಳಲಿಲ್ಲ. ಬಾಡಿಗೆ ಜೀಪು ಮಾಡಿ, ಎರಡೂ ಕೈಯನ್ನು ಬೈರಾಸಿನಲ್ಲಿ (ಹೆಗಲ ಮೇಲೆ ಹಾಕುವ ಟವೆಲು) ಕಟ್ಟಿ, ಮಂಗಳೂರಿಗೆ ಹೋದೆವು. ರಾಜ್ಯದ ಗಡಿ ತಲಪಾಡಿ ದಾಟುವಾಗ ಅಪ್ಪಚ್ಚಿ ನನ್ನ ಮುಖ ನೋಡಿ, "ನಾನು ಯಾರದ್ದು ಕದ್ದೆ?" ಅಂತ ಕೇಳಿದರು. ಆ ಸಲಕ್ಕೆ ಸೊನ್ನೆ.

ಆಗ ಇದ್ದದ್ದು 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆ. ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಕಾಯಿಲೆಗೆ ಡಾಕ್ಟರಿಗಿಂತ ಮೊದಲು ಕೋರ್ಟು! 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು, 2018ರ ಮೇ ತಿಂಗಳಿನಿಂದ ಜಾರಿಯಾಯಿತು. ಅದರ 100ನೇ ಸೆಕ್ಷನ್ ಪೂರ್ತಿ ಪೊಲೀಸರ ಬಗ್ಗೆಯೇ ಇದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು, ಅಥವಾ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ಆಗುವಂತೆ ಇರುವವರನ್ನು ಠಾಣೆಯವರು ರಕ್ಷಣೆಗೆ ತೆಗೆದುಕೊಳ್ಳಬೇಕು. ಯಾಕೆ ಕರೆದೊಯ್ಯುತ್ತಿದ್ದೇವೆ ಅಂತ ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿಗೆ ಹಾಕುವ ಹಾಗಿಲ್ಲ. ಸೇರಿಸಿಕೊಳ್ಳುವುದು ಬೇಡ ಅಂತ ಡಾಕ್ಟರ್ ಹೇಳಿದರೆ ವಾಪಸು ಮನೆಗೆ ಬಿಡುವುದೂ ಅವರದೇ ಕೆಲಸ. ಇದನ್ನು ಯಾವ ಠಾಣೆಯ ಗೋಡೆಯಲ್ಲೂ ಅಂಟಿಸಿಟ್ಟದ್ದು ನಾನು ನೋಡಿಲ್ಲ.

ಸರ್ಕಾರಿ ತಂಡಕ್ಕೆ ನಾವು ಬಂದದ್ದು ನಮ್ಮ ಬುದ್ಧಿಯಿಂದ ಏನಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಬಂದ್ ಆಯಿತಲ್ಲ, ರಸ್ತೆಗೆ ಮಣ್ಣು ಸುರಿದು? ಆಗ ಅಪ್ಪಚ್ಚಿಯ ಮಾತ್ರೆ ಇದ್ದದ್ದು ಮಂಗಳೂರಿನಲ್ಲಿ, ಅಪ್ಪಚ್ಚಿ ಇದ್ದದ್ದು ಇಲ್ಲಿ. ಆಶಾ ಕಾರ್ಯಕರ್ತೆಗೆ ಹೇಳಿದೆವು, ಅವರು ಜಿಲ್ಲಾ ತಂಡಕ್ಕೆ ಹೇಳಿದರು. ನಾಲ್ಕನೇ ದಿನ ಮಾತ್ರೆ ತಂದುಕೊಟ್ಟದ್ದು ಪೊಲೀಸ್. ಕೇರಳದಲ್ಲಿ ಪೊಲೀಸರೂ ಫೈರ್ ಫೋರ್ಸಿನವರೂ ಮನೆ ಮನೆಗೆ ಔಷಧಿ ಮುಟ್ಟಿಸುತ್ತಿದ್ದ ದಿನಗಳು ಅವು. ಅಂಗಳಕ್ಕೆ ಕಾಕಿ ಬಂದದ್ದು ನೋಡಿ ಅಪ್ಪಚ್ಚಿ ಅಟ್ಟ ಹತ್ತಿದ್ದರು. ಅವರ ಕೈಯಲ್ಲಿ ಮಾತ್ರೆಯ ಪೊಟ್ಟಣ ನೋಡಿದ ಮೇಲೆ ಇಳಿದರು.

ಈಗ ಫ್ಯೂಸಿನ ವಿಷಯ. ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಅಪ್ಪಚ್ಚಿ ನಮಗೆ ಹೇಳದೆ ಮಾತ್ರೆ ಬಿಟ್ಟಿದ್ದರು. ಕರೆಂಟಿನ ಮೀಟರು ಮಾತು ಕದ್ದು ಕೇಳ್ತದೆ ಅಂತ ಶುರುವಾಯಿತು. ಒಂದು ಮಧ್ಯಾಹ್ನ ಮಳೆಯಲ್ಲೇ ಹೊರಟು, ನೆರೆಕರೆಯ ಮನೆಗಳ ಜಗಲಿಗೆ ಹತ್ತಿ ಮೀಟರ್ ಬೋರ್ಡಿನ ಫ್ಯೂಸುಗಳನ್ನೆಲ್ಲ ಕಿತ್ತು ಬೈರಾಸಿನಲ್ಲಿ ಗಂಟು ಕಟ್ಟಿಕೊಂಡು ಭಜನಾ ಮಂದಿರದ ಮೆಟ್ಟಿಲಲ್ಲಿ ಕೂತರು. ಊರಿಗೆ ಊರೇ ಕತ್ತಲೆ. ಒಬ್ಬರ ಮನೆಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ತಂದ ಐಸ್‌ಕ್ರೀಮು ಕರಗಿ ಹಾಲಾಗಿತ್ತು. ಅವರ ಸಿಟ್ಟು ತಪ್ಪು ಅಂತ ಹೇಳಲಾರೆ.

112ಕ್ಕೆ ಫೋನ್ ಮಾಡಿದ್ದು ನಾನೇ. ಕಾಯಿಲೆಯವರು, ಕೈಯಲ್ಲಿ ಕತ್ತಿ ಗಿತ್ತಿ ಏನಿಲ್ಲ, ಸೈರನ್ ಹಾಕಬೇಡಿ ಅಂತ ಮೊದಲೇ ಹೇಳಿದೆ. ಸುಮಾರು ಮುಕ್ಕಾಲು ಗಂಟೆಯಲ್ಲಿ ಜೀಪು ಬಂತು. ಸೈರನ್ ಇರಲಿಲ್ಲ. ಮೂವರಲ್ಲಿ ಒಬ್ಬರು ಉಪ್ಪಳ ಕಡೆಯ ಮಹಿಳಾ ಪೊಲೀಸ್. ಉಳಿದಿಬ್ಬರನ್ನು ಜೀಪಿನ ಹತ್ತಿರವೇ ನಿಲ್ಲಿಸಿ ಅವರೊಬ್ಬರೇ ಬಂದು ಒದ್ದೆ ಮೆಟ್ಟಿಲಲ್ಲಿ ಪಕ್ಕಕ್ಕೆ ಕೂತರು. "ಎಂಚ ಉಲ್ಲರ್ ಭಟ್ರೆ?" (ಹೇಗಿದ್ದೀರಿ?) ಅಂತ ತುಳುವಿನಲ್ಲಿ ಶುರು ಮಾಡಿ ಆಮೇಲೆ ಕನ್ನಡಕ್ಕೆ ಬಂದರು. ಗಂಟಿನಲ್ಲಿ ಏನುಂಟು ಅಂತ ಕೇಳಿದರು. ಅಪ್ಪಚ್ಚಿ ಬಿಚ್ಚಿ ತೋರಿಸಿದರು. ಇಬ್ಬರೂ ಸೇರಿ ಎಣಿಸಿದರು. ಹನ್ನೊಂದು ಬಿಳಿ ಪಿಂಗಾಣಿ ಫ್ಯೂಸು, ಅದರಲ್ಲಿ ಒಂದು ಒಡೆದದ್ದು.

"ಇದನ್ನು ನಿಮ್ಮ ಕೈಗೆ ಕೊಟ್ಟರೆ ನೀವು ಅವರಿಗೇ ವಾಪಸು ಕೊಡ್ತೀರಿ" ಅಂದರು ಅಪ್ಪಚ್ಚಿ.

"ರಶೀದಿ ಬರೆದು ಕೊಡ್ತೇನೆ ಭಟ್ರೇ."

ನೋಟ್‌ಬುಕ್ಕಿನ ಹಾಳೆ ಹರಿದು ಕನ್ನಡದಲ್ಲೇ ಬರೆದರು: "ಫ್ಯೂಸು ಹನ್ನೊಂದು, ಅದರಲ್ಲಿ ಒಡೆದದ್ದು ಒಂದು, ಸ್ವೀಕರಿಸಿದ್ದೇನೆ." ತಾರೀಕು, ಸಹಿ. ಅಪ್ಪಚ್ಚಿ ಅದನ್ನು ಎರಡು ಸಲ ಓದಿ, ಮಡಚಿ ಕಿಸೆಗೆ ಹಾಕಿ, ತಾವೇ ನಡೆದುಕೊಂಡು ಹೋಗಿ ಜೀಪು ಹತ್ತಿದರು. ಯಾರೂ ಕೈ ಮುಟ್ಟಲಿಲ್ಲ. ಮೂರೂವರೆಯಲ್ಲಿ ಎರಡು ಸ್ಟಾರ್ ಈ ರಶೀದಿಗೇ.

ಆಸ್ಪತ್ರೆಯಲ್ಲಿ ತೊಡಕಾಯಿತು. ಮಾನಸಿಕ ತಂಡಕ್ಕೆ ದಾರಿಯಿಂದಲೇ ಫೋನ್ ಹೋಗಿತ್ತು, ಹಳೇ ಚೀಟಿಯ ವಿವರವೂ ಬಂದಿತ್ತು, ಅದೆಲ್ಲ ಸರಿ. ಆದರೆ ರಾತ್ರಿಯ ಡ್ಯೂಟಿ ಡಾಕ್ಟರಿಗೆ ಬರುವುದು ಮಲಯಾಳ ಮಾತ್ರ. ಅಪ್ಪಚ್ಚಿಯ ಮಲಯಾಳ ಸಂತೆ ವ್ಯಾಪಾರಕ್ಕೆ ಸಾಕು, ತಲೆಯೊಳಗಿನದ್ದು ಹೇಳಲು ಸಾಲದು. ಡಾಕ್ಟರ್ ಪಾಪ ಮೆಲ್ಲಗೇ ಕೇಳಿದರು, "ಪೇಡಿಯುಂಡೋ?" ಅಂತ. ಹೆದರಿಕೆ ಉಂಟಾ ಅಂತ ಅರ್ಥ. ಅಪ್ಪಚ್ಚಿಗೆ ಕೇಳಿಸಿದ್ದು ಹೇಡಿ ಅಂತ. "ಹೇಡಿ ಯಾರು? ನಾನಾ?" ಅಂತ ಕುರ್ಚಿ ಬಿಟ್ಟು ಎದ್ದರು ನೋಡಿ, ಅಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಸೆಕ್ಯುರಿಟಿಯವರು ಓಡಿಬಂದರು. ಚೀಟಿಯಲ್ಲಿ ರೋಗಿ ಆಕ್ರಮಣಕಾರಿ ಅಂತ ಒಂದು ಸಾಲು ಬಿತ್ತು. ಆ ಸಾಲು ಈಗಲೂ ಫೈಲಿನಲ್ಲಿ ಇದೆ. ಒಂದು ಪ ಮತ್ತು ಹ ಕಾರದ ವ್ಯತ್ಯಾಸಕ್ಕೆ!

ಆಮೇಲೆ ದುಭಾಷಿ ಆದದ್ದು ಯಾರು? ಅದೇ ಮಹಿಳಾ ಪೊಲೀಸ್. ಅವರು ಡ್ಯೂಟಿ ಮುಗಿದ ಮೇಲೂ ಒಂದೂವರೆ ಗಂಟೆ ನಿಂತರು. ಅವರಿಗೆ ನಾನು ಋಣಿ. ಆದರೆ ಮನಸ್ಸಿನೊಳಗಿನ ಮಾತನ್ನು ಡಾಕ್ಟರಿಗೆ ದಾಟಿಸುವ ಕೆಲಸ ಪೊಲೀಸರದ್ದಾ? ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಕನ್ನಡದವರು ಇಲ್ಲಿನ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೂ ಇದೆ. ಅರ್ಜಿ ಕನ್ನಡದಲ್ಲಿ ಕೊಡಬಹುದು, ಹೆದರಿಕೆ ಕನ್ನಡದಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ.

ಆ ರಾತ್ರಿ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಬೆಳಿಗ್ಗೆ ಮನೋರೋಗ ತಜ್ಞೆ ಬಂದು ಅಡ್ಮಿಟ್ ಬೇಡ ಅಂದಾಗ ಮನೆಯವರಿಗೆಲ್ಲ ಉಸಿರು ಬಂತು. ಬೇಕು ಅಂದಿದ್ದರೆ ಕೋಝಿಕ್ಕೋಡಿನ ಕುದಿರವಟ್ಟಂ, ಹತ್ತಿರ ಹತ್ತಿರ 180 ಕಿಲೋಮೀಟರು. ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರ ಇಡೀ ಕೇರಳದಲ್ಲಿ ಮೂರೇ, ಉಳಿದೆರಡು ತ್ರಿಶೂರು, ತಿರುವನಂತಪುರದಲ್ಲಿ. ಮಕ್ಕಳು ಜಗಳ ಆಡುವಾಗ "ನಿನ್ನನ್ನು ಕುದಿರವಟ್ಟಕ್ಕೆ ಕಳಿಸ್ಬೇಕು" ಅಂತ ಬೈಯುವ ಊರು ನಮ್ಮದು. ಮಂಗಳೂರು ಒಂದು ಗಂಟೆಯ ದಾರಿ, ಆದರೆ ಪೊಲೀಸ್ ಜೀಪಿಗೆ ರಾಜ್ಯದ ಗಡಿ ದೊಡ್ಡದು.

ಆವತ್ತು ಆದ ಇನ್ನೊಂದು ಒಳ್ಳೇ ಕೆಲಸ: ಮುಂದೆ ಇಂಥದ್ದು ಆದರೆ ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದುಕೊಡಬಹುದು ಅಂತ ತಂಡದ ಸೋಶಿಯಲ್ ವರ್ಕರ್ ಹೇಳಿದರು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು. ಅಪ್ಪ ಪೆನ್ನು ಹಿಡಿದು ತಯಾರಾಗಿ ಕೂತಿದ್ದರು. ಅಪ್ಪಚ್ಚಿ ನನ್ನ ಹೆಸರು ಬರೆದರು. ಅಪ್ಪ ಕೇಳದೆ ದನ ಮಾರಿದ್ದಾರಂತೆ, ನಂಬಿಕೆ ಇಲ್ಲವಂತೆ.

ಇನ್ನು ಒಂದೂವರೆ ಸ್ಟಾರ್ ಎಲ್ಲಿ ಹೋಯಿತು? ಭಾಷೆಯದ್ದು ಹೇಳಿದೆ, ಅದಕ್ಕೆ ಒಂದು. ಉಳಿದ ಅರ್ಧ ವರ್ಗಾವಣೆಗೆ. ಆ ಮಹಿಳಾ ಪೊಲೀಸ್ ಜನಮೈತ್ರಿ ಬೀಟಿಗೆ (ಪೊಲೀಸರು ಮನೆ ಮನೆಗೆ ಬಂದು ಮಾತಾಡಿಸುವ ಕೇರಳದ ಯೋಜನೆ) ಬಂದಾಗೆಲ್ಲ ಐದು ನಿಮಿಷ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದರು, ಮಾತ್ರೆಯ ಸುದ್ದಿ ಎತ್ತುತ್ತಲೇ ಇರಲಿಲ್ಲ, ಆದರೂ ಅವರು ಬರುವ ದಿನ ಅಪ್ಪಚ್ಚಿ ಮಾತ್ರೆ ತಪ್ಪಿಸುತ್ತಿರಲಿಲ್ಲ. ಅವರಿಗೆ ಬೇರೆ ಕಡೆ ಆಯಿತು. ಹೊಸಬರಿಗೆ ಯಾರೂ ಏನೂ ಹೇಳಿಲ್ಲ. ಅವರು ಜೀಪನ್ನು ಗೇಟಿನ ಹತ್ತಿರವೇ ನಿಲ್ಲಿಸಿ, ಇಳಿಯದೆ, "ಮಾತ್ರೆ ತಗೊಳ್ತಾ ಉಂಟಾ?" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೋದರು. ಒಳ್ಳೇ ಮನಸ್ಸಿನಿಂದಲೇ ಇರಬಹುದು. ಅಪ್ಪಚ್ಚಿ ಎರಡು ದಿನ ಹೊರಗೆ ಬರಲಿಲ್ಲ. ಫ್ಯೂಸಿನ ಲೆಕ್ಕವೂ ಅರ್ಧಕ್ಕೇ ನಿಂತಿದೆ. ಆಯಾ ಮನೆಗೆ ಫ್ಯೂಸು ಹೋಗಿದೆ ಅಂತ ಅಪ್ಪಚ್ಚಿಗೂ ಗೊತ್ತು. ರಶೀದಿ ಮಾತ್ರ ಹೊಸಬರಿಗೆ ಕೊಡುವುದಿಲ್ಲ ಅನ್ನುತ್ತಾರೆ.

ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಂಡ ತಿಂಗಳಿಗೊಮ್ಮೆ ಬರುತ್ತದೆ, ಮಾತ್ರೆ ಫ್ರೀ. ಮಾತಾಡಲು ಯಾರಾದರೂ ಬೇಕಿದ್ದರೆ ಟೆಲಿ ಮಾನಸ್ 14416, ಅದರಲ್ಲಿ ಕನ್ನಡವೂ ಇದೆ. ಕೇರಳದ ದಿಶಾ ನಂಬರು 1056. ಕ್ಲಿನಿಕ್ಕಿಗೆ ಹೋಗುವವರು ಒಂಬತ್ತಕ್ಕೆ ಮೊದಲೇ ಓಪಿ ಚೀಟಿ ಮಾಡಿಸಿ, ಜೊತೆಗೆ ಮಲಯಾಳ ಚೆನ್ನಾಗಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ನಾವು ಹೋಗುವಲ್ಲಿ ಕ್ಯಾಂಟೀನ್ ಇಲ್ಲ, ನಮ್ಮ ಸರದಿ ಬರುವಾಗ ಹನ್ನೆರಡೂವರೆ ಆಗುತ್ತದೆ, ಅಪ್ಪಚ್ಚಿಗೆ ಹಸಿವಾದರೆ ಆಗುವುದೇ ಇಲ್ಲ. ನಾವು ಅವಲಕ್ಕಿ ಬಾಳೆಹಣ್ಣು ಕಟ್ಟಿಕೊಂಡು ಹೋಗುತ್ತೇವೆ.