ಫಿಶಿಂಗ್ ಕಯಾಕ್ ಅಂತ ಹಳೆ ಬಾಡಿಗೆ ದೋಣಿ ಮಾರುತ್ತಿದ್ದಾರೆ, ಹುಬ್ಬಳ್ಳಿ ಹಾವೇರಿ ಕಡೆಯವರು ದಯವಿಟ್ಟು ಓದಿ

"ಫಿಶಿಂಗ್ ಕಯಾಕ್ ಐತ್ರಿ ಸರ್, ಹೊಸಾದು, 160 ಕೆಜಿ ತಡಿತೈತಿ, ನಿಂತು ಗಾಳ ಒಗೀಬಹುದು." ಹುಬ್ಬಳ್ಳಿಯಲ್ಲಿ ಒಬ್ಬ ವ್ಯಾಪಾರಿ ನನಗೆ ಹೇಳಿದ ಮಾತು ಇದು. ಇದರಲ್ಲಿ ಒಂದೂ ನಿಜ ಅಲ್ಲ. ಹೊಸದಲ್ಲ, 160 ಅಲ್ಲ, ನಿಲ್ಲುವುದು ಇರಲಿ, ನೆಟ್ಟಗೆ ಕೂರೋಕೂ ಆಗಲಿಲ್ಲ. 36,000 ರೂಪಾಯಿ ಹೋಯಿತು. ನಿಮ್ಮದಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಈಗ ನಮ್ಮ ಕಡೆ ಗಾಳ ಹಾಕುವವರಿಗೆಲ್ಲ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ಉದ್ದನೆಯ ದೋಣಿ, ಬೇಕು. ಯಾಕೆ ಅಂತ ನಿಮಗೂ ಗೊತ್ತು. ಮರಲ್ ಮೀನು ಇರುವುದು ಜೊಂಡಿನ ಒಳಗೆ, ತಾವರೆ ಎಲೆಗಳ ಸಂದಿಯಲ್ಲಿ. ದಂಡೆಯಿಂದ ಎಷ್ಟು ಎಸೆದರೂ ಅಲ್ಲಿಗೆ ಮುಟ್ಟುವುದಿಲ್ಲ. ಹರಗೋಲು ದುಂಡಗಿರುತ್ತದೆ, ಹುಟ್ಟು ಹಾಕಿ ರೂಢಿ ಇಲ್ಲದವರ ಕೈಯಲ್ಲಿ ಇದ್ದಲ್ಲೇ ತಿರುಗುತ್ತದೆ. ಕಯಾಕ್ ಆದರೆ ಎಂಜಿನ್ ಬೇಡ, ಸದ್ದಿಲ್ಲ, ಮೊಣಕಾಲು ನೀರಿನಲ್ಲೂ ಹೋಗುತ್ತದೆ. ಈ ಆಸೆ ನೋಡಿಯೇ ಇಂಥವರು ಅಂಗಡಿ ತೆರೆದಿರುವುದು.

ನಾನು ಸುಮ್ನೆ ಫೋಟೋ ನೋಡಿ ದುಡ್ಡು ಹಾಕಿದವನಲ್ಲ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ, ಅವನ ಗೋಡೌನಿನಲ್ಲಿ ನಿಂತು, ನನ್ನ ತೂಕ 84 ಕೆಜಿ ಅಂತ ಹೇಳಿದ್ದೆ. ಮೀನಿನ ಡಬ್ಬಿ, ಐಸ್ ಬಾಕ್ಸ್, ಲಂಗರು ಸೇರಿದರೆ ನೂರು ಕೆಜಿ ಆಗುತ್ತದೆ ಅಂತಲೂ ಹೇಳಿದ್ದೆ. "ಆರಾಮಾಗಿ ತಡಿತೈತ್ರಿ, ಇನ್ನೊಬ್ಬರನ್ನ ಕೂಡಿಸಿಕೊಂಡು ಹೋಗ್ರಿ" ಅಂದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಒಬ್ಬ ದಪ್ಪನೆಯ ಮನುಷ್ಯ ಕಯಾಕಿನ ಮೇಲೆ ನಿಂತು ರಾಡ್ ಬೀಸುತ್ತಿದ್ದಾನೆ. ಬಣ್ಣ ಇದೇ ಹಸಿರು. ಆದರೆ ಆ ದೋಣಿ ಬೇರೆ, ಅಗಲವೇ ಬೇರೆ. ಅದು ಗೊತ್ತಾಗಿದ್ದು ಆಮೇಲೆ.

ನೀರಿಗಿಳಿಸಿ ತೋರಿಸಿ ಅಂದೆ. ಉಣಕಲ್ ಕೆರೆಯಲ್ಲಿ ಡೆಮೊ ಕೊಡುತ್ತೇನೆ, ಭಾನುವಾರ ಬನ್ನಿ ಅಂದ. ಭಾನುವಾರ ಬಂದರೆ ಪರ್ಮಿಶನ್ ಸಿಕ್ಕಿಲ್ಲ ಅಂದ. ಅಷ್ಟರಲ್ಲೇ ಶುರುವಾಯಿತು ಇನ್ನೊಂದು ರಾಗ: "ಧಾರವಾಡದವರು ಒಬ್ರು ಅಡ್ವಾನ್ಸ್ ಹಾಕಾಕತ್ತಾರ್ರೀ, ಒಂದ ಪೀಸ್ ಉಳದೈತಿ." 10,000 ಅಡ್ವಾನ್ಸ್ ಯುಪಿಐಯಲ್ಲಿ ಹೋಯಿತು, ಉಳಿದದ್ದು ಟಾಟಾ ಏಸ್‌ಗೆ ಏರಿಸುವಾಗ. ಬಿಲ್ಲು ಕೇಳಿದರೆ "ಬಿಲ್ ಬೇಕಂದ್ರ ಟ್ಯಾಕ್ಸ್ ಬ್ಯಾರೆ ಆಗ್ತೈತ್ರಿ" ಅಂತ ಬಿಳಿ ಹಾಳೆಯ ಮೇಲೆ "ಪ್ಲಾಸ್ಟಿಕ್ ಬೋಟ್ 1" ಅಂತ ಬರೆದು ಕೊಟ್ಟ. ಜಿಎಸ್‌ಟಿ ನಂಬರ್ ಇಲ್ಲ, ಕಂಪನಿ ಹೆಸರಿಲ್ಲ.

ಹಾನಗಲ್ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಊರು. ಅಲ್ಲಿನ ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿ, ಒಪ್ಪಿಸಿ, ಅಲ್ಲೇ ಇಳಿಸಿದೆ. ಕೂತ ಕೂಡಲೇ ಸೀಟಿನ ಕೆಳಗಿಂದ ನೀರು ಮೇಲೆ ಬಂತು. ಈ ಜಾತಿಯ ಕಯಾಕಿನಲ್ಲಿ ನಾವು ಕೂರುವುದು ಮೇಲ್ಗಡೆ. ಅಲ್ಲಿ ಆರಪಾರ ತೂತುಗಳಿರುತ್ತವೆ, ಮೇಲೆ ಬಿದ್ದ ನೀರು ಅದರಿಂದ ಕೆಳಗೆ ಇಳಿದು ಹೋಗಬೇಕು. ಭಾರ ಜಾಸ್ತಿಯಾಗಿ ದೋಣಿ ಕುಸಿದರೆ ಅದೇ ತೂತಿನಿಂದ ನೀರು ಮೇಲಕ್ಕೆ ಬರುತ್ತದೆ. ಆಗ ನನ್ನ ಜೊತೆ ಐಸ್ ಬಾಕ್ಸೂ ಇರಲಿಲ್ಲ. ಬರೀ ನಾನು, ಒಂದು ರಾಡ್. ಸ್ವಲ್ಪ ಹೊತ್ತಿಗೆ ಹಿಂಭಾಗ ಜಗ್ಗತೊಡಗಿತು. ಪಕ್ಕಕ್ಕೆ ತಿರುಗಿ ನೋಡಿದೆ ಅಷ್ಟೇ, ಮಗುಚಿತು. ಲೈಫ್ ಜಾಕೆಟ್ ಫ್ರೀ ಅಂತ ಕೊಟ್ಟಿದ್ದನಲ್ಲ, ಅದರ ಬಕಲ್ ಕಿತ್ತು ಕೈಗೆ ಬಂತು. ಏರಿಯ ಮೇಲೆ ಅರ್ಧ ಊರು ನಿಂತಿತ್ತು. "ಅಳಿಯಾ, ದೋಣಿ ಬಿಟ್ಟು ದಂಡಿಗೆ ಬಾರೋ" ಅಂತ ಮಾವ ಕೂಗುತ್ತಿದ್ದರು. ನನಗೆ ಈಜು ಬರುತ್ತದೆ. ಬಾರದವರು ಆಗಿದ್ದರೆ?

ದಂಡೆಗೆ ಎಳೆದು, ಹಿಂದಿನ ಬಿರಡೆ ತೆಗೆದೆವು. ಒಳಗಿಂದ ನೀರು ಸುರಿದದ್ದು ನಿಲ್ಲಲೇ ಇಲ್ಲ. ರಾಡ್ ಸಿಕ್ಕಿಸುವ ಹೋಲ್ಡರ್ ಇದೆಯಲ್ಲ, "ಫಿಶಿಂಗ್ ಮಾಡೆಲ್" ಅನ್ನಲು ಅವನು ತೋರಿಸಿದ್ದೇ ಅದು. ಡ್ರಿಲ್ ಹೊಡೆದು ಸ್ಕ್ರೂ ಬಿಗಿದಿದ್ದಾರೆ. ಕೆಳಗೆ ರಬ್ಬರ್ ವಾಷರ್ ಇಲ್ಲ, ಸೀಲಂಟ್ ಇಲ್ಲ. ನೀರು ಒಳಗೆ ಹೋಗಿದ್ದೇ ಅಲ್ಲಿಂದ.

ಆಮೇಲೆ ಸ್ಟಿಕ್ಕರ್. ಸೀಟಿನ ಹಿಂದೆ ಬೆಳ್ಳಿ ಬಣ್ಣದ್ದು, "160 ಕೆಜಿ" ಅಂತ ದೊಡ್ಡದಾಗಿ ಅಚ್ಚು. ನೀರಿಗೆ ನೆನೆದು ಅದರ ಅಂಚು ಎದ್ದಿತ್ತು. ಮಾವನ ಮಗ ಎಳೆದ. ಕೆಳಗೆ ಇನ್ನೊಂದು ಲೇಬಲ್, ಕಂಪನಿಯದು. ಗರಿಷ್ಠ ಭಾರ 95 ಕೆಜಿ. ಅದರ ಪಕ್ಕದಲ್ಲಿ ಕಪ್ಪು ಬಣ್ಣದಲ್ಲಿ, ಬ್ರಷ್‌ನಿಂದ ಬರೆದ ನಂಬರ್: 11. ರೆಸಾರ್ಟಿನಲ್ಲಿ ಬಾಡಿಗೆಗೆ ಬಿಡುವ ದೋಣಿಗಳಿಗೆ ಹೀಗೆ ನಂಬರ್ ಹಾಕುವುದನ್ನು ದಾಂಡೇಲಿಗೆ ಹೋದವರೆಲ್ಲ ನೋಡಿರುತ್ತೀರಿ. ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆ. ಒದ್ದೆ ಬಟ್ಟೆಯಲ್ಲಿ. ಯಾರೂ ಮಾತಾಡಲಿಲ್ಲ. 95 ಅಂತ ಬರೆದಿದ್ದರ ಮೇಲೆ ಬೇಕಂತಲೇ 160 ಅಂಟಿಸಿದ್ದಾನೆ. ನನ್ನ ತೂಕ ಕೇಳಿಕೊಂಡೇ ಮಾರಿದ್ದಾನೆ. ನನ್ನ ತೂಕ ಕೇಳಿಕೊಂಡೇ!

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ನೀರು ಬರುತ್ತಿದೆ ಅಂದರೆ, "ಕಯಾಕ್ ಅಂದಮ್ಯಾಲ ನೀರು ಬರೂದ ರೀ ಸರ್. ತೂತಿಗೆ ಪ್ಲಗ್ ಹಾಕ್ರಿ, 1,200ಕ್ಕ ಕೊಡ್ತೀನಿ." 11 ಅಂದರೇನು ಅಂದರೆ, "ಅದು ಫ್ಯಾಕ್ಟರಿ ನಂಬರ್ ರೀ." 95 ಕೆಜಿ ಲೇಬಲ್ ಫೋಟೋ ಕಳಿಸಿದರೆ ಒಂದು ದಿನ ಉತ್ತರ ಇಲ್ಲ, ನೀಲಿ ಟಿಕ್ ಮಾತ್ರ. ಮರುದಿನ ವಾಯ್ಸ್ ಮೆಸೇಜ್: "ನಿಮ್ಮ ವೇಟ್ ಜಾಸ್ತಿ ಐತ್ರಿ, ಅದಕ್ಕ ನಾವೇನ್ ಮಾಡೂಣು. ನೀರಿಗೆ ಇಳಿಸಿದ ಮಾಲು ವಾಪಸ್ ತಗೊಳ್ಳೂದಿಲ್ಲ." ಮುಳುಗಿದ್ದರೆ ಏನು ಗತಿ ಅಂತ ಕೇಳಿದ್ದಕ್ಕೆ, "ನಿಮಗ ಈಜು ಬರ್ತೈತಲ್ರೀ ಮತ್ತ." ಇದನ್ನು ಕೇಳಿ ಮನೆಯವಳು ಅತ್ತುಬಿಟ್ಟಳು.

ಕೊನೆಗೆ, "ಕೋರ್ಟಿಗೆ ಹೋಗ್ರಿ, ಹುಬ್ಬಳ್ಳಿಗೆ ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವಿತಾವು" ಅಂದ. ಇದೂ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನಾನು ಮೊದಲು 1915 ಗ್ರಾಹಕ ಸಹಾಯವಾಣಿಗೆ ದೂರು ಬರೆಸಿದ್ದೇನೆ. ಮುಂದಿನದು ಹಾವೇರಿಯಲ್ಲೇ.

ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಟೇಪ್ ತಗೊಂಡು ಹೋಗಿ ಅಗಲ ಅಳೆಯಿರಿ. ನನಗೆ 34 ಇಂಚು ಅಂದಿದ್ದ, ಮನೆಯಲ್ಲಿ ಅಳೆದರೆ 28. ನಿಂತು ಮೀನು ಹಿಡಿಯುವ ಆಸೆ ಇದ್ದರೆ 28 ಇಂಚಿನ ದೋಣಿ ಮುಟ್ಟಲೇ ಬೇಡಿ. ಉದ್ದ ಹತ್ತರಿಂದ ಹನ್ನೆರಡು ಅಡಿ ಇರಲಿ. ಬರೆದ ಭಾರದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನೂರು ಕೆಜಿ ಹೇರುವವರಿಗೆ 150 ಕೆಜಿಯದು ಬೇಕು, ಅದೂ ಕಂಪನಿಯ ಲೇಬಲ್ ಮೇಲೆ. ನೀರಿನಲ್ಲಿ ಕೂರಿಸಿ ತೋರಿಸದವನಿಗೆ ಅಡ್ವಾನ್ಸ್ ಕೊಡಬೇಡಿ. ಪರ್ಮಿಶನ್ ಇಲ್ಲ ಅಂದರೆ ಪರ್ಮಿಶನ್ ಬಂದ ಮೇಲೆ ದುಡ್ಡು ಅನ್ನಿ.

ನನ್ನದು ನಂಬರ್ 11. ಇದೇ ಹಸಿರು ಬಣ್ಣದ ಕಯಾಕ್ ಗದಗ, ಧಾರವಾಡ, ರಾಣೆಬೆನ್ನೂರು ಕಡೆ ಯಾರಾದರೂ ತಗೊಂಡಿದ್ದರೆ ದಯವಿಟ್ಟು ತಿಳಿಸಿ. ಅವನ ವಾಯ್ಸ್ ಮೆಸೇಜ್, ಲೇಬಲ್ ಫೋಟೋ, ಯುಪಿಐ ದಾಖಲೆ ಎಲ್ಲ ಇಟ್ಟುಕೊಂಡಿದ್ದೇನೆ. ದೂರಿಗೆ ನಿಮ್ಮದನ್ನೂ ಸೇರಿಸೋಣ.