ಟೋಬಾರ್ ಬಿಚ್ಚಿದ ಎಸ್‌ಯುವಿ: ಬಂಪರ್ ಒಳಗೆ ಬೀಮ್ ಇದೆಯಾ, ಮೊದಲು ನೋಡಿ

ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದ ಎಸ್‌ಯುವಿಗೆ ಹಿಂದಿನಿಂದ ಗೂಡ್ಸ್ ಆಟೊ ಬಂದು ತಗುಲಿತು. ಆಟೊ ಅಂಥ ವೇಗದಲ್ಲೇನೂ ಇರಲಿಲ್ಲ. ಆದರೂ ಎಸ್‌ಯುವಿಯ ಡಿಕ್ಕಿ ಬಾಗಿಲು ಮುಚ್ಚಲಾಗದಷ್ಟು ಒಳಕ್ಕೆ ಹೋಯಿತು, ಸ್ಟೆಪ್ನಿ ಇಡುವ ಗುಂಡಿಯ ತಗಡು ಸುಕ್ಕಾಯಿತು. ಟಿಂಕರಿಂಗಿಗೆ ಬಂಪರ್ ಕಳಚಿದಾಗ ಗೊತ್ತಾಗಿದ್ದು, ಒಳಗೆ ಕ್ರ್ಯಾಶ್ ಬೀಮೇ (ಅಡ್ಡಕ್ಕೆ ಕೂರುವ ಲೋಹದ ಪಟ್ಟಿ) ಇಲ್ಲ. ಚಾಸಿಯ ಎರಡು ತುದಿಯಲ್ಲೂ ಬರೀ ಬೋಲ್ಟ್ ತೂತುಗಳು, ಸುತ್ತ ತುಕ್ಕು.

ಅದು ಸೆಕೆಂಡ್ ಹ್ಯಾಂಡ್ ಗಾಡಿ. ಹಳೆ ಓನರ್ ಸೈಕಲ್ ಕ್ಯಾರಿಯರ್‌ಗೆಂದು ಮನೆಯಲ್ಲೇ ಟೋಬಾರ್ (ಟ್ರೇಲರ್ ಎಳೆಯಲು, ಕ್ಯಾರಿಯರ್ ಸಿಕ್ಕಿಸಲು ಗಾಡಿಯ ಹಿಂದೆ ಬಿಗಿಯುವ ಬಾರ್) ಕೂರಿಸಿ, ಮಾರುವ ಮುಂಚೆ ಅದನ್ನು ಬಿಚ್ಚಿಕೊಂಡಿದ್ದರು. ಕ್ರೆಟಾ, ಎಕ್ಸ್‌ಯುವಿ 700 ತರಹದ ಮೋನೊಕಾಕ್ (ಬಾಡಿ, ಚಾಸಿ ಎರಡೂ ಒಂದೇ ಆಗಿರುವ) ಗಾಡಿಗಳಿಗೆ ಸಿಗುವ ಎಷ್ಟೋ ಟೋಬಾರ್‌ಗಳ ಅಡ್ಡಪಟ್ಟಿ ಕೂರುವುದು ಬೀಮ್ ಇದ್ದ ಜಾಗದಲ್ಲೇ. ಅಂದರೆ ಕಂಪನಿ ಬೀಮನ್ನು ತೆಗೆದ ಮೇಲೇ ಟೋಬಾರ್ ಹತ್ತುತ್ತದೆ. ತೆಗೆದ ಬೀಮ್ ಅಟ್ಟ ಸೇರುತ್ತದೆ, ಮನೆ ಬದಲಾಯಿಸುವಾಗ ಗುಜರಿಗೆ ಹೋಗುತ್ತದೆ. ಬಂಪರ್ ಅಂತ ಹೊರಗೆ ಕಾಣುವುದು ಪ್ಲಾಸ್ಟಿಕ್ ಹೊದಿಕೆ ಅಷ್ಟೇ, ಪೆಟ್ಟು ತಡೆಯುವುದು ಒಳಗಿನ ಬೀಮ್. ಸ್ಕಾರ್ಪಿಯೊ, ಫಾರ್ಚುನರ್‌ನಂಥ ಲ್ಯಾಡರ್ ಫ್ರೇಮ್ (ಬಾಡಿ ಕೆಳಗೆ ಏಣಿಯಂಥ ಬೇರೆ ಫ್ರೇಮ್ ಇರುವ) ಗಾಡಿಗಳಲ್ಲಿ ಟೋಬಾರನ್ನು ಸಾಮಾನ್ಯವಾಗಿ ಫ್ರೇಮಿಗೇ ಬಿಗಿಯುವುದರಿಂದ ಈ ತಾಪತ್ರಯ ಕಡಿಮೆ.

ನೀವೇ ಟೋಬಾರ್ ಹಾಕುವುದಾದರೆ ತೆಗೆದ ಬೀಮ್, ಅದರ ಬೋಲ್ಟುಗಳು, ಬೀಮಿಗೂ ಬಂಪರಿಗೂ ನಡುವಿನ ಫೋಮ್ ಎಲ್ಲವನ್ನೂ ಒಂದೇ ಕಡೆ ಕಟ್ಟಿ, ಮೇಲೆ ಗಾಡಿ ನಂಬರ್ ಬರೆದಿಡಿ. ಗಾಡಿ ಮಾರಿದರೆ ಆ ಕಟ್ಟೂ ಗಾಡಿಯ ಜೊತೆಗೇ ಹೋಗಬೇಕು.

ಬಿಗಿಯುವಾಗ ಆಗುವ ಎಡವಟ್ಟುಗಳಲ್ಲಿ ದೊಡ್ಡದು ಸ್ಪೇಸರ್ ಟ್ಯೂಬ್ (ಬೋಲ್ಟಿನ ಸುತ್ತ ಕೂರುವ ಕೊಳವೆ) ಹಾಕದೆ ಬಿಡುವುದು. ಚಾಸಿ ರೈಲ್ ಒಳಗೆ ಟೊಳ್ಳಾದ ತಗಡಿನ ಪೆಟ್ಟಿಗೆ. ಆರಪಾರ ಹೋಗುವ ಬೋಲ್ಟಿಗೆ ಒಳಗೆ ಟ್ಯೂಬ್ ಇರದಿದ್ದರೆ, ಬಿಗಿದಷ್ಟೂ ತಗಡು ಒಳಕ್ಕೆ ಬಾಗುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ಎರಡು ದಿನ ಹಂಪ್ ಹಾರಿಸಿದರೆ ನಟ್ ಸಡಿಲ. ಕಿಟ್ಟಿನಲ್ಲಿ ಟ್ಯೂಬ್ ಕೊಟ್ಟಿದ್ದರೂ ಎಷ್ಟೋ ಜನ ‘ಇದ್ಯಾಕೆ’ ಅಂತ ಪಕ್ಕಕ್ಕಿಡುತ್ತಾರೆ. ಎರಡನೆಯದು ತುಕ್ಕು ಹಿಡಿಯದಿರಲೆಂದು ಚಾಸಿಗೆ ಬಳಿದ ಅಂಡರ್‌ಕೋಟಿಂಗ್ ಮೇಲೆಯೇ ಪ್ಲೇಟ್ ಕೂರಿಸುವುದು. ಆ ಮೆತ್ತನೆ ಪದರ ಬಿಸಿಲಿಗೆ, ಒತ್ತಡಕ್ಕೆ ಹಿಂಡಿಹೋಗುತ್ತದೆ, ಬಿಗಿ ಹೋಗುತ್ತದೆ. ಪ್ಲೇಟ್ ತಾಗುವಷ್ಟು ಜಾಗ ಕೆರೆದು ತೆಗೆಯಿರಿ. ತೂತು ಕೊರೆದಿದ್ದರೆ ಅಂಚಿನ ಚೂರು ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಒಣಗಿದ ಮೇಲೇ ಬೋಲ್ಟ್ ಹಾಕಿ.

ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಸಡಿಲವಾಗಿ ಹತ್ತಿಸಿ, ಬಾರ್ ನೇರ ಕೂತ ಮೇಲೆ ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ಹಿಡಿಯಿರಿ. ಕಿಟ್ ಜೊತೆ ಬಂದ ಹಾಳೆಯ ಲೆಕ್ಕವೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8 ಗ್ರೇಡಿನ (ಬೋಲ್ಟಿನ ಗಟ್ಟಿತನದ ದರ್ಜೆ) ಎಂ10, ಅಂದರೆ 10 ಮಿಲಿಮೀಟರ್ ದಪ್ಪದ ಬೋಲ್ಟಿಗೆ 46ರಿಂದ 50 ನ್ಯೂಟನ್ ಮೀಟರ್, ಎಂ12ಕ್ಕೆ 80ರ ಆಸುಪಾಸು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಬೋಲ್ಟ್ ಕೊಳ್ಳುವುದಾದರೆ ತಲೆಯ ಮೇಲೆ 8.8 ಅಥವಾ 10.9 ಅಂತ ಕೆತ್ತಿದೆಯಾ ನೋಡಿ, ನಂಬರೇ ಇಲ್ಲದ್ದು ಇದಕ್ಕೆ ಬೇಡ. 1000 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಬೇಕು. ಈ ಕೆಲಸವನ್ನು ಮಾಡುವವರೇ ಕಡಿಮೆ.

ಹಿಂದೆ ಜೋಡಿಸುವ ಟ್ರೇಲರ್ ಅಥವಾ ಕ್ಯಾರಿಯರ್ ಲೈಟಿನ ವೈರಿಂಗ್‌ನಲ್ಲಿ ಗಾಡಿಯ ಟೈಲ್ ಲ್ಯಾಂಪ್ ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತುವ ಕೆಲಸ ಬೇಡವೇ ಬೇಡ. ಈಗಿನ ಗಾಡಿಗಳಲ್ಲಿ ಲೈಟುಗಳನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್ ಕಾಯುತ್ತಿರುತ್ತದೆ. ಹೆಚ್ಚಿನ ಲೋಡ್ ಕಂಡರೆ ಎಚ್ಚರಿಕೆ ದೀಪ ಹತ್ತಿಸುತ್ತದೆ, ಗ್ರಹಚಾರ ಕೆಟ್ಟರೆ ಮಾಡ್ಯೂಲೇ ಸುಟ್ಟುಹೋಗುತ್ತದೆ. ಬೈಪಾಸ್ ರಿಲೇ (ಮಾಡ್ಯೂಲ್ ಮೇಲೆ ಲೋಡ್ ಬೀಳದಂತೆ ಲೈಟ್ ಹತ್ತಿಸುವ ಸ್ವಿಚ್) ಹಾಕಿ, ಅದಕ್ಕೆ ಬ್ಯಾಟರಿಯಿಂದ ಫ್ಯೂಸ್ ಇರುವ ಬೇರೆ ಲೈನ್ ಎಳೆಯಿರಿ. ವೈರನ್ನು ಸೈಲೆನ್ಸರ್‌ಗೆ ತಾಗದಂತೆ ಕಟ್ಟಿ.

ಬಿಚ್ಚುವಾಗಿನ ಕಷ್ಟ ಬೇರೆಯೇ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ತುಕ್ಕು ಹಿಡಿದ ಬೋಲ್ಟನ್ನು ಉದ್ದ ಪೈಪ್ ಹಾಕಿ ತಿರುಗಿಸಿದರೆ ರೈಲ್ ಒಳಗಿನ ವೆಲ್ಡ್ ನಟ್ ಕಿತ್ತುಕೊಂಡು ಸುಮ್ಮನೆ ಸುತ್ತತೊಡಗುತ್ತದೆ. ಆಮೇಲೆ ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಎಷ್ಟೋ ಸಲ ರೈಲನ್ನೇ ಕೊಯ್ಯಬೇಕಾಗುತ್ತದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಮತ್ತೆ ಸ್ಪ್ರೇ ಹೊಡೆದು ನಿಧಾನ ಮಾಡಿ. ಬಾರ್ 20 ಕಿಲೋ ತೂಗಬಹುದು. ಕೆಳಗೆ ಜ್ಯಾಕ್, ಅದರ ಮೇಲೆ ಹಲಗೆ, ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಕೊನೆಯ ಬೋಲ್ಟ್ ಬಿಚ್ಚುವಾಗ ಎದೆ ಅದರ ಕೆಳಗಿರಬಾರದು. ಗಾಡಿ ಎತ್ತಿದ್ದರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜ್ಯಾಕನ್ನೇ ನಂಬಿಕೊಂಡು ಕೆಳಗೆ ನುಗ್ಗಬೇಡಿ. ಬಾರ್ ಇಳಿದ ಮೇಲೆ ಬೀಮ್ ಹಾಕದೆ ಬಂಪರ್ ಮುಚ್ಚಬೇಡಿ. ಉಳಿದ ತೂತುಗಳಿಗೆ ರಬ್ಬರ್ ಗ್ರೊಮೆಟ್ (ತೂತು ಮುಚ್ಚುವ ಬಿರಡೆ) ಹಾಕಿ, ಇಲ್ಲದಿದ್ದರೆ ಮಳೆಗಾಲದ ರಾಡಿಯೆಲ್ಲ ರೈಲ್ ಒಳಗೆ.

ಕಾನೂನನ್ನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಕಡಿವಾಣ ಹಾಕುತ್ತದೆ. 2019ರ ತಿದ್ದುಪಡಿಯ ಮೇಲೆ ಅಂಥ ಒಂದೊಂದು ಬದಲಾವಣೆಗೂ ಓನರ್‌ಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೊರೆಯುವ ಮುಂಚೆ ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಬರಹದಲ್ಲಿ ಕೇಳಿ.

ಹಳೆ ಎಸ್‌ಯುವಿ ಕೊಳ್ಳುವವರು ಹಿಂದಿನ ಬಂಪರ್ ಕೆಳ ಅಂಚಿನ ಮಧ್ಯಭಾಗ ನೋಡಿ. ಅಲ್ಲಿ ಕೊಯ್ದ ಗುರುತೋ ತೇಪೆಯೋ ಇದ್ದರೆ ಮಲಗಿ, ಟಾರ್ಚ್ ಹಿಡಿದು, ಪ್ಲಾಸ್ಟಿಕ್ ಹಿಂದೆ ಎಡದಿಂದ ಬಲಕ್ಕೆ ಲೋಹದ ಪಟ್ಟಿ ಹಾದುಹೋಗಿದೆಯಾ ಹುಡುಕಿ. ಇಲ್ಲದಿದ್ದರೆ ಚಾಸಿ ನಂಬರ್ ಕೊಟ್ಟೇ ಬೀಮ್ ತರಿಸಿ, ಮಾಡೆಲ್ ಹೆಸರು ಹೇಳಿದರೆ ಬೇರೆ ವೇರಿಯಂಟಿನದು ಬಂದೀತು. ಬೋಲ್ಟ್ ಜೊತೆಗೇ ಬರುತ್ತದಾ ಅಂತಲೂ ಕೌಂಟರಿನಲ್ಲೇ ಕೇಳಿ, ಎಷ್ಟೋ ಸಲ ಅದರ ಪಾರ್ಟ್ ನಂಬರೇ ಬೇರೆ.